ಲೂಥರ್ ನಮ್ಮ ಮನೆಯಲ್ಲಿದ್ದ ವರ್ಷ

ಇವರಿಗೆ ನೆಗಡಿಯಾಗಿದೆ. ಪಾತ್ರೆಯಲ್ಲಿ ಬಿಸಿನೀರು ತುಂಬಿ, ನಾಲ್ಕು ಹನಿ ನೀಲಗಿರಿ ಎಣ್ಣೆ ಬಿಟ್ಟು, ತಲೆಯ ಮೇಲೆ ಟವೆಲ್ ಹೊದಿಸಿ ಕೂರಿಸಿದ್ದೇನೆ. ಆ ವಾಸನೆಗೆ ಊರಿನವರಿಗೆಲ್ಲ ಕೆಮ್ಮು, ಕಷಾಯ, ಅಜ್ಜಿಯ ಕೈ ನೆನಪಾಗುತ್ತವೆ. ನನಗೆ ನೆನಪಾಗುವುದು ಸಿಡ್ನಿಯ ಬ್ಲ್ಯಾಕ್‌ಟೌನಿನಲ್ಲಿದ್ದ ಒಂದು ನರ್ಸಿಂಗ್ ಹೋಮಿನ ಉದ್ದನೆಯ ಕಾರಿಡಾರು. ಅಲ್ಲಿ ನೆಲ ಒರೆಸುವ ನೀರಿಗೆ ಇದೇ ವಾಸನೆಯಿತ್ತು. ಅದರ ಹಿಂದೆಯೇ ಮಾರ್ಟಿನ್ ಲೂಥರ್ ನೆನಪಾಗುತ್ತಾನೆ. ಫಿನಾಯಿಲಿನ ಬಕೆಟ್ಟನ್ನೂ ಲೂಥರನನ್ನೂ ಒಟ್ಟಿಗೆ ನೆನೆಯುವವಳು ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು. ಇವರು ಟವೆಲಿನ ಒಳಗಿದ್ದಾರೆ, ನಡುವೆ ಬಾಯಿ ಹಾಕುವಂತಿಲ್ಲ. ಆದ್ದರಿಂದ ಈಗಲೇ ಹೇಳಿ ಮುಗಿಸುತ್ತೇನೆ.

ಅದು ಎರಡು ಸಾವಿರದ ಐದನೇ ಇಸವಿ. ನಮ್ಮವರು, ಅಂದರೆ ಜಯವಂತ, ಬೆಟಗೇರಿ ಕಡೆಯ ಒಂದು ಚರ್ಚಿನ ಸಭೆಯಲ್ಲಿ ಪಾದ್ರಿಯಾಗಿದ್ದರು. ದೇವಶಾಸ್ತ್ರದಲ್ಲಿ ಮೇಲಿನ ಓದಿಗೆಂದು ಸಿಡ್ನಿಯ ಕಾಲೇಜೊಂದರಿಂದ ಸ್ಕಾಲರ್‌ಶಿಪ್ ಬಂತು. ಒಂದು ವರ್ಷ ಓದಬೇಕು, ಲೂಥರನ ಮೇಲೆ ಒಂದು ಥೀಸಿಸ್ ಬರೆಯಬೇಕು, ವಾಪಸ್ ಬರಬೇಕು. ನಾನು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಸಂಬಳವಿಲ್ಲದ ರಜೆ ಹಾಕಿ ಜೊತೆಗೆ ಹೊರಟೆ. ಮಗಳು ಸ್ನೇಹಾಳಿಗೆ ಆಗ ನಾಲ್ಕು ತುಂಬಿತ್ತು. "ಮೊದ್ಲ ನೀವಿಬ್ರೂ ಹೋಗಿ ಬಿಡಾರ ಮಾಡ್ರಿ. ಆಮ್ಯಾಲ ಕೂಸಿನ್ನ ಕರಸ್ಕೋರಿ. ಗೊತ್ತಿಲ್ಲದ ಊರಾಗ ಅದನ್ನ ಕಟಗೊಂಡು ಎಲ್ಲಿ ತಿರಗ್ತೀರಿ?" ಎಂದಳು ನಮ್ಮ ಅವ್ವ. ಮಾತು ಸರಿಯಾಗಿಯೇ ಇತ್ತು. ಮೂರು ತಿಂಗಳಲ್ಲಿ ಕರೆಸಿಕೊಳ್ಳುತ್ತೇವೆಂದು ಹೇಳಿ ಮಗಳನ್ನು ಅವ್ವನ ಬಳಿ ಬಿಟ್ಟು ವಿಮಾನ ಹತ್ತಿದೆವು.

ಬ್ಲ್ಯಾಕ್‌ಟೌನಿನಲ್ಲಿ ಬೆಂಗಳೂರಿನ ರೂಪಾ ಎಂಬುವಳ ಮನೆಯ ಹಿತ್ತಲಲ್ಲಿ ಒಂದು ಗ್ರ್ಯಾನಿ ಫ್ಲ್ಯಾಟ್ ಬಾಡಿಗೆಗೆ ಸಿಕ್ಕಿತು. ಅವಳ ಗಂಡ ಚಾಟ್ಸ್‌ವುಡ್‌ನಲ್ಲಿ ಐಟಿ ಕೆಲಸದಲ್ಲಿದ್ದ. ನಮ್ಮ ಮನೆ ಎಂದರೆ ಒಂದು ಕೋಣೆ, ಮೂಲೆಯಲ್ಲಿ ಒಂದು ಒಲೆ, ಒಂದು ಸಿಂಕು. ಗೋಡೆಗಳು ಬರೀ ಶೀಟು. ಫೆಬ್ರವರಿಯ ಬಿಸಿಲಿಗೆ ಒಳಗೆ ಕೂರಲಾಗುತ್ತಿರಲಿಲ್ಲ, ಜುಲೈನ ಚಳಿಗೆ ಮಲಗಲಾಗುತ್ತಿರಲಿಲ್ಲ. ನಾನು ವಯಸ್ಸಾದವರನ್ನು ನೋಡಿಕೊಳ್ಳುವ ಆ ನರ್ಸಿಂಗ್ ಹೋಮಿನಲ್ಲಿ ಕೆಲಸಕ್ಕೆ ಸೇರಿದೆ. ಮುದುಕಿಯರ ಹಾಸಿಗೆ ಬದಲಿಸುವುದು, ಬಟ್ಟೆ ಒಗೆಯುವುದು, ನೆಲ ಒರೆಸುವುದು. ಬೆಟಗೇರಿಯಲ್ಲಿ ಹಳಗನ್ನಡ ಪಾಠ ಮಾಡುತ್ತಿದ್ದ ಬಾಯಿಗೆ ಅಲ್ಲಿ ದಿನವಿಡೀ "ಆರ್ ಯೂ ಆಲ್‌ರೈಟ್, ಡಾರ್ಲಿಂಗ್?" ಎನ್ನುವುದೇ ಪಾಠವಾಯಿತು.

ಇವರು ಮನೆಯಲ್ಲಿ ಲೂಥರನ ಜೊತೆ ಇರುತ್ತಿದ್ದರು.

ಲೂಥರನ ಕಥೆ ನಮ್ಮ ಕ್ರೈಸ್ತ ಮನೆತನಗಳಲ್ಲಿ ಎಲ್ಲರಿಗೂ ಗೊತ್ತು. ಐನೂರು ವರ್ಷದ ಹಿಂದಿನ ಜರ್ಮನಿಯ ಹುಡುಗ, ಕಾನೂನು ಓದುತ್ತಿದ್ದ, ದಾರಿಯಲ್ಲಿ ಸಿಡಿಲು ಹೊಡೆದಾಗ ಹೆದರಿ ಬದುಕಿದರೆ ಸನ್ಯಾಸಿಯಾಗುತ್ತೇನೆಂದು ಹರಕೆ ಹೊತ್ತ, ಮಠ ಸೇರಿದ. ಆಮೇಲೆ ದುಡ್ಡು ಕೊಟ್ಟರೆ ಪಾಪದ ಶಿಕ್ಷೆ ಮಾಫಿ ಎಂದು ಚೀಟಿ ಮಾರುವವರ ವಿರುದ್ಧ ಚರ್ಚಿನ ಬಾಗಿಲಿಗೆ ತನ್ನ ವಾದಗಳನ್ನು ಜಡಿದ. ಸಂಡೇ ಸ್ಕೂಲಿನಲ್ಲಿ ಇಷ್ಟು ಹೇಳಿ ನಮ್ಮನ್ನು ಮನೆಗೆ ಕಳಿಸುತ್ತಿದ್ದರು. ನಮ್ಮವರಿಗೆ ಬೇಕಾಗಿದ್ದದ್ದು ನಡುವಿನ ಭಾಗ. ಮಠ ಸೇರಿದ ಮೇಲೆ ಆ ಮನುಷ್ಯನಿಗೆ ನೆಮ್ಮದಿಯೇ ಇರಲಿಲ್ಲವಂತೆ. ಉಪವಾಸ ಮಾಡಿದ, ಚಳಿಯಲ್ಲಿ ಹೊದಿಕೆಯಿಲ್ಲದೆ ಮಲಗಿದ, ಗಂಟೆಗಟ್ಟಲೆ ಪಾಪನಿವೇದನೆ ಮಾಡಿದ. ಮುಗಿಸಿ ಹೊರಟವನು ಅಯ್ಯೋ ಇನ್ನೊಂದು ಮರೆತೆ ಎಂದು ಅರ್ಧ ದಾರಿಯಿಂದ ಓಡಿ ಬರುತ್ತಿದ್ದ. ಕೇಳಿ ಕೇಳಿ ಸಾಕಾದ ಅವನ ಗುರು, ಹೋಗಿ ಏನಾದರೂ ನಿಜವಾದ ಪಾಪ ಮಾಡಿಕೊಂಡು ಬಾ, ಈ ಚಿಲ್ಲರೆ ತರಬೇಡ ಎನ್ನುವ ಅರ್ಥದಲ್ಲಿ ಬೈದನಂತೆ. ಆ ಗುರುವಿನ ಹೆಸರನ್ನು ನಾನು ಎಷ್ಟು ಸಲ ಕೇಳಿದರೂ ನೆನಪಿಟ್ಟುಕೊಳ್ಳಲಿಲ್ಲ, ಆದರೆ ಅವನ ಕಷ್ಟ ಮಾತ್ರ ನನಗೆ ಚೆನ್ನಾಗಿ ಅರ್ಥವಾಯಿತು.

ಯಾಕೆಂದರೆ ನಮ್ಮ ಮನೆಯಲ್ಲೂ ಅದೇ ನಡೆದಿತ್ತು. ಮೊದಲನೇ ಅಧ್ಯಾಯ ಬರೆದರು, ಹರಿದರು. ಮತ್ತೆ ಬರೆದರು. ಗೈಡ್‌ಗೆ ತೋರಿಸಿದರು, ಆತ ತುಂಬಾ ಚೆನ್ನಾಗಿದೆ, ಮುಂದೆ ಹೋಗು ಎಂದ. ಮನೆಗೆ ಬಂದು ಅದನ್ನೂ ಹರಿದರು. "ಚಲೋ ಐತಿ ಅಂದ್ರಲ್ರೀ?" ಎಂದರೆ, "ಅವರು ಪೂರ್ತಿ ಓದಿಲ್ಲ ಅನಸ್ತೈತಿ" ಎಂದರು. ಎಂಥ ಮನುಷ್ಯ ಅಂತೀನಿ!

ಥೀಸಿಸಿನ ತಿರುಳು ಏನು ಗೊತ್ತೇ? ಮನುಷ್ಯ ತನ್ನ ಕ್ರಿಯೆಗಳಿಂದ ದೇವರ ಮುಂದೆ ನೀತಿವಂತನಾಗಲಾರ. ಎಷ್ಟು ತಿದ್ದಿದರೂ ತೀಡಿದರೂ ಅವನು ಸಾಲದು. ಇದ್ದ ಹಾಗೆಯೇ ಅವನನ್ನು ಒಪ್ಪಿಕೊಳ್ಳುವುದು ದೇವರ ಕೃಪೆ, ಅದನ್ನು ನಂಬಿ ಕೈಚಾಚುವುದಷ್ಟೇ ಅವನ ಪಾಲಿನದು. ಇದನ್ನು ಬರೆಯುತ್ತಿದ್ದ ಮನುಷ್ಯ ಅಡಿಟಿಪ್ಪಣಿಯ ಅಲ್ಪವಿರಾಮಕ್ಕೆ ಮೂರು ದಿನ ತೆಗೆದುಕೊಳ್ಳುತ್ತಿದ್ದ.

ಒಂದು ಸಂಜೆ ಕೆಲಸದಿಂದ ಬಂದೆ. ಸೊಂಟ ಬಿದ್ದುಹೋಗಿತ್ತು. ಬೆಳಗಿನ ಉಪ್ಪಿಟ್ಟಿನ ಬಾಣಲೆ, ಚಹಾದ ಕಪ್ಪುಗಳು, ಎಲ್ಲ ಸಿಂಕಿನಲ್ಲಿ ಹಾಗೆಯೇ ಇದ್ದವು. ನನ್ನ ಮುಖ ನೋಡಿ ಇವರಿಗೆ ಕನಿಕರ ಬಂತು. "ವಿಮಲಾ, ಲೂಥರ್ ಏನ್ ಹೇಳ್ತಾನ ಗೊತ್ತೇನು? ಪಾದ್ರಿ ಕೆಲಸ ದೊಡ್ಡದು, ಕಸಾ ಹೊಡಿಯೋದು ಸಣ್ಣದು ಅಂತ ಇಲ್ಲ. ನೀ ಅಲ್ಲಿ ಬಟ್ಟಿ ಒಗಿಯೋದೂ ದೇವರ ಸೇವಾನ" ಎಂದರು.

"ಹಂಗೇನ್ರಿ? ಹಂಗಾದ್ರ ನೀವೂ ಸ್ವಲ್ಪ ದೇವರ ಸೇವಾ ಮಾಡ್ರಿ. ಸಿಂಕ್ ತುಂಬೇತಿ" ಎಂದೆ.

ಪಾಪ, ಎದ್ದು ತೊಳೆದರು. ತೊಳೆಯುತ್ತಲೇ ಏನೋ ಹೊಳೆದು, ಕೈ ಒರೆಸಿಕೊಳ್ಳದೆ ಹೋಗಿ ಬರೆಯಲು ಕೂತರು. ಬಾಣಲೆ ಉಳಿಯಿತು.

ಲೂಥರನ ಹೆಂಡತಿ ಕ್ಯಾಥರೀನಾಳ ಬಗ್ಗೆ ನಾನೇ ಕೇಳಿ ಕೇಳಿ ತಿಳಿದುಕೊಂಡೆ. ಅವಳೂ ಮೊದಲು ಸನ್ಯಾಸಿನಿ. ಮೀನಿನ ಪೀಪಾಯಿಗಳ ಗಾಡಿಯಲ್ಲಿ ಅಡಗಿ ಮಠದಿಂದ ತಪ್ಪಿಸಿಕೊಂಡು ಬಂದವಳಂತೆ. ಮದುವೆಯಾದ ಮೇಲೆ ಮನೆ ತುಂಬ ವಿದ್ಯಾರ್ಥಿಗಳು, ಬಂಧುಗಳು, ಬಂದು ಹೋಗುವವರು. ಹೊಲ ನೋಡಿದಳು, ಹಂದಿ ಸಾಕಿದಳು, ಬಿಯರ್ ಕಾಯಿಸಿದಳು, ಗಂಡನ ಹೊಟ್ಟೆನೋವಿಗೆ ಔಷಧ ಮಾಡಿದಳು. ಅವನು ಅವಳನ್ನು ಯಜಮಾನ ಎಂದೇ ತಮಾಷೆಗೆ ಕರೆಯುತ್ತಿದ್ದನಂತೆ. ನನಗೆ ಆಕೆ ಬಹಳ ಹಿಡಿಸಿದಳು. "ನಿಮ್ಮ ಥೀಸಿಸ್‌ನ್ಯಾಗ ಅಕಿಗೆ ಎಷ್ಟು ಪುಟ ಕೊಟ್ಟೀರಿ?" ಎಂದು ಕೇಳಿದೆ.

ಇವರು ಸ್ವಲ್ಪ ಯೋಚಿಸಿ, "ಒಂದು ಅಡಿಟಿಪ್ಪಣಿ ಐತಿ" ಎಂದರು.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮೂರು ತಿಂಗಳು ಕಳೆದಾಗ ಮಗಳನ್ನು ಕರೆಸೋಣ ಎಂದೆ. ನಾನು ಕೆಲಸಕ್ಕೆ ಹೋದರೆ ಅವಳನ್ನು ಯಾರು ನೋಡಿಕೊಳ್ಳುವುದು, ಮನೆಯಲ್ಲಿ ಅವಳು ಆಡುತ್ತಿದ್ದರೆ ತಾನು ಬರೆಯುವುದು ಹೇಗೆ, ಆಗಸ್ಟಿಗೆ ಥೀಸಿಸ್ ಕೊಟ್ಟೇಬಿಡುತ್ತೇನೆ, ನಾವೇ ಹೋಗೋಣ ಎಂದರು. ಒಪ್ಪಿದೆ. ಸುಳ್ಳೇಕೆ, ಸಲೀಸಾಗಿಯೇ ಒಪ್ಪಿದೆ. ಆಗಸ್ಟ್ ಎಂದರೆ ಹತ್ತಿರವೇ ಇದೆ ಅನ್ನಿಸಿತ್ತು.

ಭಾನುವಾರ ಭಾನುವಾರ ಫೋನ್ ಕಾರ್ಡ್ ತಂದು ಅವ್ವನ ಮನೆಗೆ ಮಾತನಾಡುತ್ತಿದ್ದೆ. ಮೊದಮೊದಲು ಸ್ನೇಹಾ ಫೋನ್ ಬಿಡುತ್ತಿರಲಿಲ್ಲ. ಅತ್ತಳು, ಜಗಳ ತೆಗೆದಳು, ವಿಮಾನದ ಬಣ್ಣ ಯಾವುದೆಂದು ಕೇಳಿದಳು. ಆಮೇಲಾಮೇಲೆ ಹಿಂದಿನಿಂದ ಅವ್ವ ಹೇಳಿಕೊಡುವುದು ಕೇಳಿಸತೊಡಗಿತು: "ಊಟಾ ಆತು ಅನ್ನು. ಸಾಲಿಗೆ ಹೋಗಿದ್ದೆ ಅನ್ನು." ಮಗಳು ಅಷ್ಟನ್ನೇ ಒಪ್ಪಿಸಿ ಫೋನ್ ಕೊಟ್ಟುಬಿಡುತ್ತಿದ್ದಳು. ರೂಪಾಳ ಮಗಳೂ ಅದೇ ವಯಸ್ಸಿನವಳು. ಹಿತ್ತಲಲ್ಲಿ ಆಡುವಾಗ ನನ್ನ ಬಳಿ ಬಂದು ಜಡೆ ಹಾಕಿಸಿಕೊಳ್ಳುತ್ತಿದ್ದಳು. ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರ. ಅವಳ ತಲೆ ಬಾಚುವುದೆಂದರೆ ನನಗೆ ಸುಖವೂ ಹೌದು, ಸಂಕಟವೂ ಹೌದು.

ಜುಲೈ ತಿಂಗಳಲ್ಲಿ ಒಂದು ಎಡವಟ್ಟಾಯಿತು. ಇವರು ಎರಡನೇ ಅಧ್ಯಾಯದಲ್ಲಿ ಸಿಕ್ಕಿಬಿದ್ದಿದ್ದರು. ಲೂಥರನನ್ನು ವರ್ಷಗಟ್ಟಲೆ ಕಾಡಿದ್ದು ಒಂದೇ ಮಾತು: ದೇವರ ನೀತಿ. ಅದನ್ನು ಓದಿದಾಗಲೆಲ್ಲ ಅವನಿಗೆ ತಕ್ಕಡಿ ಹಿಡಿದು ಶಿಕ್ಷೆ ಕೊಡುವ ದೇವರು ಕಾಣುತ್ತಿದ್ದ. ಒಳಗೊಳಗೇ ಆ ದೇವರನ್ನು ದ್ವೇಷಿಸಿದ. ಆಮೇಲೆ ಒಂದು ದಿನ, ಇದು ದೇವರು ನಮ್ಮಿಂದ ವಸೂಲಿ ಮಾಡುವ ನೀತಿಯಲ್ಲ, ನಮಗೆ ಕೊಡುವ ನೀತಿ ಎಂದು ತಿಳಿಯಿತು. ಅವನ ದೇವಶಾಸ್ತ್ರವೆಲ್ಲ ಆ ಬಾಗಿಲಿನಿಂದಲೇ ಒಳಗೆ ಹೋಗುವುದು. ಇವರು ಇದನ್ನು ಇಂಗ್ಲಿಷಿನಲ್ಲಿ ವಿವರಿಸಲು ಒದ್ದಾಡುತ್ತಾ ನನಗೆ ಓದಿ ಹೇಳುತ್ತಿದ್ದರು. ನಾನು ಚಪಾತಿ ಲಟ್ಟಿಸುತ್ತಿದ್ದೆ.

"ಅದರಾಗೇನೈತ್ರಿ ಅಷ್ಟು? ವಿಭಕ್ತಿ ಬದಲಾತು, ಅಷ್ಟ. 'ದೇವರ ನೀತಿ' ಅಂದ್ರ ಷಷ್ಠಿ. ಯಾರದು ಅಂದ್ರ ದೇವರದು. ಸಂಡೇ ಸ್ಕೂಲ್‌ನ್ಯಾಗ ನಮ್ಮ ಟೀಚರ್ 'ದೇವರಿಂದ ಸಿಗೋ ನೀತಿ' ಅಂತನ ಕಲಿಸಿದ್ರು. ನಿಮ್ಮ ಲೂಥರ್ ಕನ್ನಡ ಓದಿದ್ರ ಇಷ್ಟು ಒದ್ದಾಡ್ತಿರಲಿಲ್ಲ" ಎಂದೆ.

ಇವರ ಕೈಯಿಂದ ಪೆನ್ನು ಬಿತ್ತು. "ಏನಂದಿ? ಇನ್ನೊಮ್ಮೆ ಹೇಳು" ಎಂದರು. ನನ್ನ ನಾಲಿಗೆಗೆ ಬೆಂಕಿ ಹಾಕ. ಮತ್ತೆ ಹೇಳಿದೆ. ಮೂಲ ಭಾಷೆಯ ಷಷ್ಠಿಯಲ್ಲಿ ಎರಡೂ ಅರ್ಥಕ್ಕೆ ಜಾಗವಿದೆ, ಕನ್ನಡದಲ್ಲಿ ಹೇಳಲು ಹೋದರೆ ಒಂದನ್ನು ಆರಿಸಿಕೊಳ್ಳಲೇಬೇಕು, ಅಂದರೆ ನಮಗೆ ಪಾಠ ಹೇಳಿದವರು ಲೂಥರನ ಉತ್ತರವನ್ನು ಒಂದು ಪ್ರತ್ಯಯದೊಳಗೆ ಇಟ್ಟುಬಿಟ್ಟಿದ್ದಾರೆ ಎಂದು ಇವರು ಕುಣಿದಾಡಿದರು. ನಾನೂ ಖುಷಿಪಟ್ಟೆ. ಮದುವೆಯಾದ ಮೇಲೆ ನನ್ನ ವ್ಯಾಕರಣಕ್ಕೆ ಸಿಕ್ಕ ಮೊದಲ ಮರ್ಯಾದೆ ಅದು. ಮರುದಿನ ಕೆಲಸದಿಂದ ಬಂದು ನೋಡಿದರೆ ಎರಡನೇ ಅಧ್ಯಾಯ ಪೂರ್ತಿ ಕಸದ ಬುಟ್ಟಿಯಲ್ಲಿ. ಈಗ ಕನ್ನಡ ಅನುವಾದದ ಮೇಲೆ ಹೊಸದೊಂದು ಅಧ್ಯಾಯ ಬರಬೇಕಂತೆ. ಆಗಸ್ಟ್ ಹೋಯಿತು.

ಆ ಹೊಸ ಅಧ್ಯಾಯದ ಒಂದು ತುಂಡನ್ನು ಓದಲು ಆಗಸ್ಟ್ ಕೊನೆಗೆ ಮೆಲ್ಬರ್ನಿನ ಒಂದು ಸಣ್ಣ ವಿಚಾರ ಸಂಕಿರಣಕ್ಕೆ ಕರೆದರು. ನಾನೂ ರಜೆ ಹಾಕಿ ರೈಲಿನಲ್ಲಿ ಹೋದೆ. ಅದೆಂಥ ಊರೋ! ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಅಡ್ಡಡ್ಡ ಮಳೆ, ಕೊಡೆ ಬಿಚ್ಚಿದರೆ ಗಾಳಿಗೆ ಉಲ್ಟಾ. ಇವರು ಓದಿದ್ದು ಬಹಳ ಚೆನ್ನಾಗಿತ್ತು. ಬೆಟಗೇರಿಯ ಸಂಡೇ ಸ್ಕೂಲಿನ ಒಂದು 'ಇಂದ' ಪ್ರತ್ಯಯವನ್ನು ಮೆಲ್ಬರ್ನಿನ ಪಂಡಿತರು ತಲೆದೂಗಿ ಕೇಳಿದರು. ಸಿಡ್ನಿಯಿಂದ ಬಂದಿದ್ದ ಗೈಡ್, ಬಿಳಿ ಹುಬ್ಬಿನ ಮೆದು ಮಾತಿನ ಮುದುಕ, ನನ್ನೆದುರೇ ಇವರ ಭುಜ ಹಿಡಿದು, ಥೀಸಿಸ್ ಮುಗಿದಿದೆ, ಇನ್ನು ಮುಟ್ಟಬೇಡ, ತಂದುಕೊಡು ಎಂದ. ನನಗೆ ಅಲ್ಲೇ ಆತನ ಕಾಲು ಹಿಡಿಯಬೇಕೆನಿಸಿತು.

ಟ್ರಾಮ್ ಹತ್ತಿದೆವು. ಇವರು ಕಿಟಕಿಯಾಚೆ ನೋಡುತ್ತಾ, "ಎಕ್ಸ್‌ಟೆನ್ಶನ್ ಕೇಳ್ತೀನಿ. ಬರೋ ಜೂನ್ ತನಕ ಕೊಡ್ತಾರ" ಎಂದರು.

"ಯಾಕ್ರೀ? ಮುಗದೈತಿ ಅಂದ್ರಲ್ಲ?"

"ನನ್ನ ಮನಸ್ಸು ನೋಯಬಾರದು ಅಂತ ಹಂಗ ಹೇಳಿದ್ರು. ಲೂಥರ್ ದಂಗೆ ಎದ್ದ ರೈತರ ವಿರುದ್ಧ ಎಂಥಾ ಕ್ರೂರ ಮಾತು ಬರದಾನ, ಯೆಹೂದ್ಯರ ಮ್ಯಾಲ ಏನೇನು ಬರದಾನ. ಕೃಪೆ ಬಗ್ಗೆ ಬರದ ಕೈ ಅದನ್ನೂ ಬರೀತು. ಅದಕ್ಕ ಉತ್ತರ ಇಲ್ದ ಹ್ಯಾಂಗ ಕೊಡ್ಲಿ?"

ಪ್ರಶ್ನೆ ಸುಳ್ಳಲ್ಲ. ಅದು ನನಗೂ ಗೊತ್ತಿತ್ತು. ಬೇರೆ ದಿನವಾಗಿದ್ದರೆ ಕೂತು ಮಾತಾಡುತ್ತಿದ್ದೆ. ಅವತ್ತು ನನ್ನ ತಲೆ ಕೆಟ್ಟುಹೋಯಿತು. "ಲೂಥರ್ ಜೀವಕ್ಕ ಹೆದರಿ ಅಡಗಿ ಕುಂತಾಗ ಕೆಲವೇ ತಿಂಗಳದಾಗ ಬೈಬಲ್‌ನ ಇಡೀ ಹೊಸ ಒಡಂಬಡಿಕೆ ಅನುವಾದ ಮಾಡಿದ. ನಿಮಗ ಒಂದು ಕಟ್ಟು ಹಾಳಿ ಕೊಡಾಕ ಆಗವಲ್ದು. ನಾವು ಒಂದೇ ವ್ಯಾಳ್ಯಾಕ್ಕ ಪಾಪಿಗಳೂ ಹೌದು, ನೀತಿವಂತರೂ ಹೌದು ಅಂತ ನೀವ ಬರದೀರಲ್ಲ? ನಿಮ್ಮ ಥೀಸಿಸ್ ಮಾತ್ರ ಪಾಪ ಇಲ್ದ ಹುಟ್ಟಬೇಕೇನು? ದೇವರು ಒಪ್ಪಿದ್ದನ್ನ ನಂಬ್ರಿ ಅಂತ ಊರಿಗೆಲ್ಲ ಬೋಧನಾ ಮಾಡ್ತೀರಿ, ಒಬ್ಬ ಮುದುಕ ಒಪ್ಪಿದ್ದನ್ನ ನಂಬಾಕ ಆಗೂದಿಲ್ಲ ನಿಮಗ! ನಿಮ್ಮ ಜೂನ್ ತಿಂಗಳಿಗೆ ನನ್ನ ಮಗಳಿಗೆ ಎಷ್ಟು ವಯಸ್ಸಾಗತೈತಿ ಹೇಳ್ರಿ" ಎಂದು ಟ್ರಾಮಿನ ತುಂಬ ಕೇಳುವ ಹಾಗೆ ಕಿರುಚಿದೆ. ಎದುರು ಕೂತಿದ್ದ ಹೆಂಗಸು ಎದ್ದು ಹಿಂದೆ ಹೋಗಿ ಕೂತಳು. ಸಿಡ್ನಿಗೆ ವಾಪಸಾದ ಮೇಲೆ ಇವರು ಸೋಮವಾರ ಹೋಗಿ ಎಕ್ಸ್‌ಟೆನ್ಶನ್ ಕೇಳಿಯೇ ಬಂದರು.

ಅಕ್ಟೋಬರಿನಲ್ಲಿ ಜಕರಂಡಾ ಹೂವು ಬಿಡುವ ಹೊತ್ತಿಗೆ ಒಂದು ಭಾನುವಾರ ಫೋನ್ ಮಾಡಿದೆ. ಅವ್ವ ಕೂಗಿದಳು, "ಸ್ನೇಹಾ, ಮಮ್ಮಿ ಫೋನು, ಲಗೂ ಬಾ." ದೂರದಿಂದ ಮಗಳ ದನಿ ಸ್ಪಷ್ಟವಾಗಿ ಕೇಳಿಸಿತು: "ಆಟಾ ಆಡಾಕತ್ತಾಳ ಅಂತ ಹೇಳು, ಆಯಿ." ಅಜ್ಜಿಗೆ ಅವಳು ಆಯಿ ಎನ್ನುತ್ತಿದ್ದಳು. ಅವ್ವ ಏನೋ ಸಮಾಧಾನ ಹೇಳಿದಳು, ಹುಡುಗರು ಅಂದರೆ ಹಂಗ ಅಂದಳು. ನಾನು ಹೂಂ ಹೂಂ ಎಂದೆ. ಫೋನಿಟ್ಟು ಹಿತ್ತಲಲ್ಲಿ ಬಟ್ಟೆ ಹಾಕುವ ತಂತಿಯ ಕೆಳಗೆ ಕೂತು ಅತ್ತೆ. ರೂಪಾ ಬಂದು ಪಕ್ಕದಲ್ಲಿ ಕೂತಳು.

"ವಿಮಲಾ ಅವ್ರೆ, ಇನ್ನೂ ಎಷ್ಟ್ ದಿನ ಅಂತ ಅಡ್ಜಸ್ಟ್ ಮಾಡ್ಕೊಳ್ತೀರಾ? ನೀವು ಟಿಕೆಟ್ ಬುಕ್ ಮಾಡ್ಬಿಡಿ. ಅವ್ರು ಬಂದ್ರೆ ಬರ್ಲಿ, ಇಲ್ಲಾಂದ್ರೆ ಇಲ್ಲೇ ರಿಸರ್ಚ್ ಮಾಡ್ಕೊಂಡಿರ್ಲಿ. ಸೀರಿಯಸ್ಲಿ" ಎಂದಳು.

ಮರುದಿನ ಅವಳ ಕಂಪ್ಯೂಟರಿನಲ್ಲೇ ಟಿಕೆಟ್ ಬುಕ್ ಮಾಡಿದೆವು. ಒಂದೇ ಟಿಕೆಟ್, ಡಿಸೆಂಬರಿನದು. ಇವರಿಗೆ ಹೇಳಿದೆ, "ನಾ ಹೊಂಟೆ. ನೀವು ನಿಮ್ಮ ಲೂಥರ್ ಜೋಡಿ ಇರ್ರಿ. ಉಪ್ಪಿಟ್ಟು ಮಾಡೂದು ಅವಗ ಕಲಿಸ್ರಿ." ನಕ್ಕಾರು ಎಂದುಕೊಂಡೆ. ನಗಲಿಲ್ಲ. ಆ ವಾರವೆಲ್ಲ ಊಟ ಬಿಟ್ಟು ಕೂತರು, ನಾನು ಕೇಳಲೂ ಹೋಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಅದೇ ಹಳೇ ಹಾಳೆಗಳನ್ನು, ರೈತರ ಪ್ರಶ್ನೆಗೆ ಉತ್ತರವಿಲ್ಲದೆಯೇ, ಇದು ನನಗೆ ತಿಳಿಯಲಿಲ್ಲ ಎಂದು ಒಂದು ಪ್ಯಾರಾ ಸೇರಿಸಿ, ಪ್ರಿಂಟ್ ತೆಗೆಸಿ, ಬೈಂಡ್ ಮಾಡಿಸಿ ಕೊಟ್ಟು ಬಂದರು. ನಂಬಿಕೆಯಿಂದ ಕೊಟ್ಟರೋ ಹೆಂಡತಿಯ ಹೆದರಿಕೆಯಿಂದ ಕೊಟ್ಟರೋ ಇವತ್ತಿಗೂ ಕೇಳಿಲ್ಲ. ಪರೀಕ್ಷಕರು ಸಣ್ಣಪುಟ್ಟ ತಪ್ಪು ತಿದ್ದಿಸಿ ಪಾಸು ಮಾಡಿದರು. ತಿಳಿಯಲಿಲ್ಲ ಎಂದು ಬರೆದ ಪ್ಯಾರಾವನ್ನೇ ಒಬ್ಬರು ಮೆಚ್ಚಿದ್ದರು. ಇಷ್ಟಕ್ಕೆ ಇಡೀ ವರ್ಷ!

ಇವರಿಗೂ ಒಂದು ಟಿಕೆಟ್ ಮಾಡಿಸಿ, ಡಿಸೆಂಬರಿನಲ್ಲಿ ಇಬ್ಬರೂ ಬೆಟಗೇರಿಗೆ ಬಂದಿಳಿದೆವು. ನನ್ನ ಚೀಲದ ತುಂಬ ಸ್ನೇಹಾಳ ಫ್ರಾಕುಗಳು, ಗೊಂಬೆಗಳು, ರೂಪಾ ಕೊಟ್ಟ ಚಾಕಲೇಟು. ಓಣಿಯಲ್ಲಿ ಮಗ್ಗದ ಸದ್ದು ಎಂದಿನಂತೆ ಇತ್ತು. ಆಟೋ ನಿಂತ ಸದ್ದಿಗೆ ಮಗಳು ಬಾಗಿಲಿಗೆ ಬಂದಳು. ಉದ್ದವಾಗಿದ್ದಳು. ಎರಡು ಜಡೆ, ಕೆಂಪು ರಿಬ್ಬನ್ನು, ಮುಂದಿನ ಒಂದು ಹಲ್ಲಿಲ್ಲ. ನಾನು ಕೈ ಚಾಚಿದೆ. ಅವಳು ಒಂದು ಹೆಜ್ಜೆ ಹಿಂದೆ ಸರಿದು, ಬಾಗಿಲನ್ನು ಪೂರ್ತಿ ತೆರೆದು ಹಿಡಿದು, "ಬರ್ರಿ, ಒಳಗ ಬರ್ರಿ" ಎಂದಳು.

ಅವ್ವ ಹಿಂದಿನಿಂದ ಬಂದು, "ಏ ಹುಚ್ಚೀ, ಯಾರಂತ ನೋಡು, ನಿಮ್ಮ ಮಮ್ಮಿ" ಎಂದಳು.

"ಗೊತ್ತೈತಿ" ಎಂದಳು ಮಗಳು. ಆಮೇಲೆ ನನ್ನ ಕಡೆ ತಿರುಗಿ, "ಕೂಡ್ರಿ. ನೀರು ತರ್ಲೇನ್ರಿ?" ಎಂದು ಕೇಳಿದಳು.

ನಮ್ಮ ಕಡೆ ಮಕ್ಕಳು ತಾಯಿಗೆ 'ರೀ' ಹಚ್ಚುವುದಿಲ್ಲ. ತಾಯಿ ಎಂದರೆ ಏಕವಚನವೇ. ಬೈಯುವುದೂ ಅದರಲ್ಲೇ, ಅಪ್ಪಿಕೊಳ್ಳುವುದೂ ಅದರಲ್ಲೇ. 'ರೀ' ಇರುವುದು ಪರಸ್ಥಳದಿಂದ ಬಂದವರಿಗೆ, ನಾಲ್ಕು ದಿನ ಇದ್ದು ಹೋಗುವವರಿಗೆ. ಅವ್ವ ಅವಳಿಗೆ ಮರ್ಯಾದೆ ಚೆನ್ನಾಗಿ ಕಲಿಸಿದ್ದಳು. ಪಕ್ಕದಲ್ಲಿ ನಿಂತಿದ್ದ ಇವರು, "ಎಷ್ಟು ಶಾಣ್ಯಾ ಆಗ್ಯಾಳಲ್ಲ" ಎಂದರು. ಆ ಮನುಷ್ಯನನ್ನು ಅಲ್ಲೇ ಹೊಡೆದುಬಿಡಬೇಕೆನಿಸಿತು.

ಕುರ್ಚಿಯ ತುದಿಯಲ್ಲಿ ಕೂತೆ. ಸ್ನೇಹಾ ಎರಡೂ ಕೈಯಲ್ಲಿ ಲೋಟ ಹಿಡಿದು, ಚೆಲ್ಲದ ಹಾಗೆ ನೀರನ್ನೇ ನೋಡುತ್ತಾ ಬಂದು ಕೊಟ್ಟಳು. ಹೇಳಿಕೊಳ್ಳಲು ನನ್ನ ಬಳಿ ಬೇಕಾದಷ್ಟಿತ್ತು. ಬದಲಿಸಿದ ಹಾಸಿಗೆಗಳು, ಎತ್ತಿ ಕೂರಿಸಿದ ಮುದುಕಿಯರು, ಟ್ರಾಮಿನಲ್ಲಿ ಕಿರುಚಿದ್ದು, ಎಲ್ಲ ನಿನ್ನ ಸಲುವಾಗಿಯೇ ಕಣೇ ಎಂದು. ಆದರೆ ಇಷ್ಟು ದುಡಿದಿದ್ದೇನೆ, ಈಗ ನನ್ನನ್ನು 'ನೀ' ಎನ್ನು ಎಂದು ಐದು ವರ್ಷದ ಕೂಸಿನ ಹತ್ತಿರ ಹಕ್ಕಿನಿಂದ ಕೇಳಲಿಕ್ಕಾಗುವುದಿಲ್ಲ. ಅದಾಗಿಯೇ ಕೊಟ್ಟರೆ ಉಂಟು. ಅವಳು ಖಾಲಿ ಲೋಟ ಇಸಿದುಕೊಳ್ಳಲು ಕೈಚಾಚಿ ಎದುರಿಗೇ ನಿಂತಿದ್ದಳು. ನಾನು ಗುಟುಕು ಗುಟುಕಾಗಿ ಕುಡಿಯುತ್ತಾ ಕೂತೆ. ಕೊನೆಯ ಗುಟುಕನ್ನು ಲೋಟದಲ್ಲೇ ಉಳಿಸಿಕೊಂಡೆ. ಮುಗಿಸಿ ಕೊಟ್ಟರೆ ಅವಳು ಹೊರಟುಹೋಗುತ್ತಿದ್ದಳು.